ಹಲಗೆ ಒಣಗುವವರೆಗೆ

ಮಳೆಗಾಲ ಬಂತೆಂದು ನಮ್ಮ ಮನೆಯಲ್ಲಿ ಗೊತ್ತಾಗುತ್ತಿದ್ದುದು ಆಕಾಶ ನೋಡಿ ಅಲ್ಲ, ನಡುಕೋಣೆಯ ಬಾಗಿಲು ಎಳೆದು. ಜೂನ್ ಎರಡನೇ ವಾರ ಕಳೆಯುವಷ್ಟರಲ್ಲಿ ಅದು ದಾರಂದಕ್ಕೆ ಕಚ್ಚಿಕೊಳ್ಳುತ್ತಿತ್ತು. ಜುಲೈಯಲ್ಲಿ ಒಬ್ಬರು ಒಳಗಿಂದ ಎಳೆಯಬೇಕು, ಒಬ್ಬರು ಹೊರಗಿಂದ ದೂಡಬೇಕು. ಅದೇ ಬಾಗಿಲು ಫೆಬ್ರವರಿಯಲ್ಲಿ ಇನ್ನೊಂದು ಅವತಾರ ತಾಳುತ್ತಿತ್ತು. ಹಲಗೆಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು. ಒಳಗೆ ದೀಪ ಹಚ್ಚಿದರೆ ಜಗಲಿಯ ನೆಲದ ಮೇಲೆ ಮೂರು ಬೆಳಕಿನ ಗೆರೆ ಬೀಳುತ್ತಿತ್ತು.

ಆ ಮನೆ ಕಟ್ಟಿದ್ದು 2003ರಲ್ಲಿ, ಕುಂದಾಪುರದಲ್ಲಿ. ಕಟ್ಟಿದ ಹಣ ಬಂದದ್ದು ದಮ್ಮಾಮಿನಿಂದ. ಅಣ್ಣ ಅಲ್ಲಿ ಏಳು ವರ್ಷ ದುಡಿದು ಕಳಿಸಿದ್ದ. ಅವನಿಗೆ ಸಿಕ್ಕಿದ್ದು 45 ದಿನಗಳ ರಜೆ. ಅಷ್ಟರೊಳಗೆ ಮನೆ ಒಕ್ಕಲು ಆಗಬೇಕು, ಅದನ್ನು ಅವನು ಕಣ್ಣಾರೆ ನೋಡಿ ಹೋಗಬೇಕು. ಕರಾವಳಿಯ ಎಷ್ಟೋ ಮನೆಗಳು ಹೀಗೆ ವಿಮಾನದ ಟಿಕೆಟಿನ ತಾರೀಖಿಗೆ ಹೊಂದಿಕೊಂಡು ಎದ್ದವು. ಗೋಡೆ ಹಸಿ, ಗಾರೆ ಹಸಿ, ಮರವೂ ಹಸಿ.

ಮರದ ಕೆಲಸಕ್ಕೆ ಬಂದಿದ್ದ ಆಚಾರ್ರು ಅಬ್ಬಾರಿಗೆ ಹಳೆಯ ಪರಿಚಯ. ಸಾಮಿಲ್ಲಿನಿಂದ ಲಾರಿಯಲ್ಲಿ ಬಂದಿಳಿದ ಹಲಗೆಯನ್ನು ಒಮ್ಮೆ ಎತ್ತಿ ನೋಡಿ ಕೆಳಗಿಟ್ಟರು.

“ಹ್ವಾಯ್ ಸಾಯ್ಬ್ರೆ, ಮರ ಇನ್ನೂ ಹಸಿ ಇತ್ತ್. ಈಗ ಬಾಗ್ಲ್ ಮಾಡ್ರೆ ನನ್ನ್ ಹೆಸ್ರ್ ಹಾಳಾತ್ತ್.”

“ಎಂತ ಮಾಡೂದ್ ಆಚಾರ್ರೆ, ಮಗನ ರಜೆ ಮುಗೂಕೆ ಬಂತಲ್ಲ.”

“ರಜೆ ಮರಕ್ಕೆ ಗೊತ್ತಿತ್ತಾ?”

ಅಬ್ಬಾ ನಕ್ಕರು. ಆಚಾರ್ರು ನಗಲಿಲ್ಲ. ಆದರೂ ಕೆಲಸ ಮಾಡಿಕೊಟ್ಟರು. ಬಾಗಿಲು ನೋಡಲು ಚೆನ್ನಾಗಿಯೇ ಇತ್ತು. ಬಂದವರೆಲ್ಲ ಕೈಯಾಡಿಸಿ ಹೊಗಳಿದರು. ಅಣ್ಣ ಫೋಟೋ ತೆಗೆದುಕೊಂಡು ಹೋದ.

ಮರುವರ್ಷ ಜುಲೈಯಲ್ಲಿ ಒಂದು ದಿನ ದಾದಿ ಫಜ್ರ್ ನಮಾಝಿಗೆ ಎದ್ದರು. ರಾತ್ರಿಯ ಗಾಳಿಗೆ ಬಾಗಿಲು ತಾನಾಗಿ ಮುಚ್ಚಿಕೊಂಡಿತ್ತು. ವುಝೂ ಮಾಡಲು ಹೊರಗೆ ಬರಬೇಕೆಂದರೆ ತೆರೆಯುತ್ತಿಲ್ಲ. ಎಂಬತ್ತರ ಹತ್ತಿರದ ಕೈಗಳಲ್ಲಿ ಎಷ್ಟು ಬಲವಿದ್ದೀತು? ತಟ್ಟಿದರು, ಕೂಗಿದರು. ಹಂಚಿನ ಮೇಲೆ ಬೀಳುತ್ತಿದ್ದ ಮಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಕರೆಂಟೂ ಇರಲಿಲ್ಲ. ನಾವು ಎದ್ದು ಗಮನಿಸುವಾಗ ಬೆಳಕು ಹರಿದಿತ್ತು. ಭುಜ ಕೊಟ್ಟು ದೂಡಿದಾಗ ಬಾಗಿಲೇನೋ ತೆರೆಯಿತು, ದಾರಂದದ ಒಂದು ಮೂಲೆ ಸೀಳಿಕೊಂಡಿತು. ದಾದಿ ಮಂಚದ ಕೆಳಗೆ ನೆಲದಲ್ಲಿ ಗೋಡೆಗೊರಗಿ ಕುಳಿತಿದ್ದರು. ಬೈಯಲಿಲ್ಲ. “ಕಬರಿನಲ್ಲಿ ಹೀಗೇ ಇರುತ್ತದೋ ಏನೋ ಅನಿಸಿತು” ಎಂದಷ್ಟೇ ಹೇಳಿದರು. 2009ರಲ್ಲಿ ತೀರಿಕೊಳ್ಳುವವರೆಗೆ ಆ ಬಾಗಿಲನ್ನು ಅವರು ಮತ್ತೆ ಮುಚ್ಚಗೊಡಲಿಲ್ಲ. ಅದಕ್ಕೆ ಅಡ್ಡವಾಗಿ ಸದಾ ಒಂದು ಕಡೆಯುವ ಕಲ್ಲು ಇರುತ್ತಿತ್ತು. ರಾತ್ರಿ ಎಷ್ಟೋ ಸಲ ನಾವು ಅದನ್ನು ಎಡವಿದ್ದೇವೆ.

ಅಬ್ಬಾರ ಮನಸ್ಸಿನಲ್ಲಿ ಇದು ಉಳಿದುಬಿಟ್ಟಿತ್ತು. ಬಾಯಿಬಿಟ್ಟು ಹೇಳಿದ್ದಿಲ್ಲ. ಆದರೆ ಮುಂದೆ ಯಾರ ಮನೆಗೆ ಹೋದರೂ ಅವರು ಮೊದಲು ಬಾಗಿಲನ್ನು ಮುಟ್ಟಿ, ಸ್ವಲ್ಪ ಎಳೆದು, ಹಾಗೇ ಬಿಡುತ್ತಿದ್ದರು.

ಬ್ರಹ್ಮಾವರದ ಹತ್ತಿರ ಅಮ್ಮಿಯ ತವರು ಮನೆ. ಅಲ್ಲಿಯ ಹಿತ್ತಿಲಲ್ಲಿ ಒಂದು ಹಲಸಿನ ಮರವಿತ್ತು. ನಮ್ಮ ಬಾಲ್ಯದ ಬೇಸಿಗೆ ರಜೆಗಳೆಲ್ಲ ಅದರ ಬುಡದಲ್ಲೇ ಕಳೆದವು. ತೊಳೆ ಬಿಡಿಸುವಾಗ ಅಂಗೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಿದ್ದುದು, ಆದರೂ ಮೇಣ ಅಂಟಿ ಬೆರಳು ಬಿಡಿಸಲಾಗದೆ ಹೋಗುತ್ತಿದ್ದುದು ಈ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ಮರ ವಯಸ್ಸಾಗಿ ಮಾಮೂ ಅವರ ಹೊಸ ಮಾಡಿನ ಮೇಲೆ ವಾಲಿತು. ಹೆದ್ದಾರಿ ನಾಲ್ಕು ಪಥವಾಗುವಾಗ ಈ ಸಾಲಿನಲ್ಲಿ ಎಷ್ಟೋ ಮರಗಳು ಹೋಗಿದ್ದವು, ಇದು ಒಳಗಿದ್ದುದರಿಂದ ಉಳಿದಿತ್ತು. ಈಗ ಕಡಿಯದೆ ದಾರಿಯಿರಲಿಲ್ಲ. ಸ್ವಂತ ಪಟ್ಟೆ ಜಾಗದಲ್ಲೂ ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯ ಕಟ್ಟಳೆಗಳಿವೆ. ಕಾಗದಪತ್ರವೆಲ್ಲ ಮುಗಿದು ಮರ ಉರುಳಿದ್ದು 2018ರ ಜನವರಿಯಲ್ಲಿ. ಬೈಂದೂರು, ಬ್ರಹ್ಮಾವರಗಳು ಬೇರೆ ತಾಲೂಕುಗಳಾದದ್ದೂ ಅದೇ ವರ್ಷ. ಹಾಗಾಗಿ ಒಂದೇ ಮರದ ಹಲಗೆಗಳು ಮುಂದೆ ಮೂರು ತಾಲೂಕು ಸುತ್ತಿದವು ಎಂದು ನಾವು ತಮಾಷೆ ಮಾಡುವುದುಂಟು.

“ಮರ ನನಗೆ ಕೊಡು, ಬಾಗಿಲು ಮಾಡಿಸುತ್ತೇನೆ” ಎಂದು ಅಬ್ಬಾ ಮಾಮೂವಿನಲ್ಲಿ ಕೇಳಿದ್ದರು. ಆಗ ಅವರಿಗೆ ಎಪ್ಪತ್ತನಾಲ್ಕು.

ಕಡಿಯುವುದು ಕೃಷ್ಣಪಕ್ಷದಲ್ಲೇ ಆಗಬೇಕೆಂದು ಆಚಾರ್ರ ಹಟ. ಹುಣ್ಣಿಮೆಯ ಹೊತ್ತಿಗೆ ಕಡಿದ ಮರಕ್ಕೆ ಕುಟ್ಟೆ ಹುಳ ಹಿಡಿಯುತ್ತದೆ ಎಂಬುದು ಅವರ ನಂಬಿಕೆ. ಚಂದ್ರನ ವಿಷಯ ನಾವು ಒಪ್ಪಲಿಲ್ಲ, ವಾದವನ್ನೂ ಮಾಡಲಿಲ್ಲ. ಹುಳ ಬರುವುದು ಮರದೊಳಗಿನ ಪಿಷ್ಟಕ್ಕಾಗಿ ಎಂಬುದಂತೂ ನಿಜ. ಕುಟ್ಟೆ ಹೆಚ್ಚಾಗಿ ಹೊರಗಿನ ಬಿಳಿ ಭಾಗವನ್ನು ತಿನ್ನುತ್ತದೆ, ಒಳಗಿನ ಹಳದಿ ಚೇಗಿಗೆ ಅಷ್ಟಾಗಿ ಹೋಗುವುದಿಲ್ಲ. ಹಿಂದಿನವರು ಬಿದಿರನ್ನೂ ದಿಮ್ಮಿಗಳನ್ನೂ ತಿಂಗಳುಗಟ್ಟಲೆ ಕೆರೆಯಲ್ಲೋ ಹೊಳೆಯಲ್ಲೋ ಮುಳುಗಿಸಿಡುತ್ತಿದ್ದುದೂ ಇದಕ್ಕೇ. ನೀರು ಆ ಪಿಷ್ಟವನ್ನು ಕರಗಿಸಿ ಕೊಂಡೊಯ್ಯುತ್ತದೆ. ಒಣಗಿಸಬೇಕಾದದ್ದನ್ನು ಮೊದಲು ಮುಳುಗಿಸುವುದು ಕೇಳಲು ವಿಚಿತ್ರ, ಆದರೆ ಅದರಲ್ಲಿ ಲೆಕ್ಕಾಚಾರವಿದೆ.

ಫೆಬ್ರವರಿ ಮೊದಲ ವಾರ ದಿಮ್ಮಿಗಳು ಮಿಲ್ಲಿಗೆ ಬಂದವು. ಹಸಿ ಹಲಸು ಕುಯ್ಯುವಾಗ ಏಳುವ ಪುಡಿ ಅರಸಿನದಷ್ಟು ಹಳದಿ. ಅಬ್ಬಾರ ಬಿಳಿ ಗಡ್ಡದ ಮೇಲೆಲ್ಲ ಕೂತಿತ್ತು. ಆ ಬಣ್ಣವನ್ನು ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳ ಬಟ್ಟೆಗೆ ಹಾಕುತ್ತಿದ್ದರೆಂದು ನಾವು ಮುಂದೆ ಓದಿ ತಿಳಿದೆವು. ವೀಣೆಯ ಕೊಡಕ್ಕೂ ಮದ್ದಳೆಗೂ ಹಲಸು. ಮಸೀದಿಯ ಮಿಂಬರ್‌ಗೂ ದೇವಸ್ಥಾನದ ಬಾಗಿಲಿಗೂ ಹಲಸು. ಗೆದ್ದಲು ಸುಲಭಕ್ಕೆ ಮುಟ್ಟದ, ತೇಗದಷ್ಟು ದುಬಾರಿಯಲ್ಲದ, ಹಿತ್ತಿಲಲ್ಲೇ ಬೆಳೆಯುವ ಮರ. ಹಣ್ಣು ತಿಂದು ಮುಗಿದ ಮೇಲೂ ನೂರು ವರ್ಷ ಮನೆಯಲ್ಲಿರುತ್ತದೆ.

ಬಾಗಿಲು ಕಿಟಕಿಗೆಂದು ಒಂದೂವರೆ ಇಂಚಿನ ಹಲಗೆ, ದಾರಂದಕ್ಕೆಂದು ಮೂರಿಂಚು ದಪ್ಪದ ತುಂಡು, ಹೀಗೆ ಕುಯ್ಸಿದೆವು. ಯಂತ್ರದ ಒಲೆಯಲ್ಲಿಟ್ಟು ಎರಡು ವಾರದಲ್ಲಿ ಒಣಗಿಸಿ ಕೊಡಿಸುತ್ತೇವೆಂದು ಅಲ್ಲೊಬ್ಬರು ಹೇಳಿದರು. ಅದೂ ಒಳ್ಳೆಯ ವಿಧಾನವೇ. ಸರಿಯಾಗಿ ಮಾಡಿದರೆ ಗಾಳಿಗಿಂತ ಚೆನ್ನಾಗಿ, ಬೇಕಾದಷ್ಟೇ ತೇವ ಉಳಿಸಿ ಒಣಗಿಸಬಹುದು. ಆದರೆ ನಾವು ಒಮ್ಮೆ ಸುಟ್ಟುಕೊಂಡವರು. ಅಡುಗೆಮನೆಗೆಂದು ‘ಸೀಸನ್ ಆದದ್ದು’ ಎಂಬ ಮಾತು ನಂಬಿ ಒಂದು ಕಡೆ ಕೊಂಡ ಕಿಟಕಿ ಬಾಗಿಲುಗಳು ಒಂದೇ ಬೇಸಿಗೆಗೆ ಹಪ್ಪಳದಂತೆ ಸೊಟ್ಟಗಾಗಿದ್ದವು. ಹೊರಗೆ ಒಣಗಿ, ಒಳಗೆ ಹಸಿಯಾಗಿದ್ದ ಮರ. ಕೊಂಡವರಿಗೆ ಅದು ಗೊತ್ತಾಗುವುದಾದರೂ ಹೇಗೆ? ಕೀಸಿ ಪಾಲಿಶ್ ಹೊಡೆದ ಮೇಲೆ ಎಲ್ಲ ಮರವೂ ಒಣ ಮರವೇ.

ಅಬ್ಬಾ ಆಚಾರ್ರ ಕಡೆ ನೋಡಿದರು. “ಗಾಳಿಗೇ ಒಣಗ್ಲಿ” ಎಂದರು ಆಚಾರ್ರು. “ಎಷ್ಟು ದಿನ?” “ಬಪ್ಪು ವರ್ಷ ಕಾಂಬ.”

ಮನೆಯ ಹಿಂದೆ, ತೆಂಗಿನ ಮರಗಳ ನೆರಳಲ್ಲಿ ಅಟ್ಟಿ ಕಟ್ಟಿದೆವು. ಅಟ್ಟಿ ಕಟ್ಟುವುದೆಂದರೆ ಒಂದರ ಮೇಲೊಂದು ಪೇರಿಸುವುದಲ್ಲ ಎಂದು ಆ ದಿನ ಕಲಿತೆವು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಮುರಕಲ್ಲು ಇಟ್ಟು, ನೂಲು ಹಿಡಿದು ಸಮ ಮಾಡಿದರು. ಕೆಳಗಿನ ಸಾಲು ಡೊಂಕಾದರೆ ಮೇಲಿನ ಹಲಗೆಗಳೆಲ್ಲ ಆ ಡೊಂಕನ್ನೇ ಕಲಿತು ಒಣಗುತ್ತವೆ. ಒಂದೊಂದು ಸಾಲಿನ ನಡುವೆ ಒಂದಿಂಚಿನ ಒಣ ರೀಪು, ಎರಡೆರಡು ಅಡಿಗೊಂದು. ನಾವು ಹಿತ್ತಿಲಲ್ಲಿ ಬಿದ್ದಿದ್ದ ಅಡಿಕೆ ದಬ್ಬೆ ತಂದೆವು. ಆಚಾರ್ರು ಬೇಡವೆಂದರು. ಒಂದು ದಪ್ಪ, ಒಂದು ತೆಳು, ಹಲಗೆ ಬಾಗುತ್ತದೆ. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು. ಇಲ್ಲದಿದ್ದರೆ ಭಾರ ಹಲಗೆಯ ಹೊಟ್ಟೆಯ ಮೇಲೆ ಬೀಳುತ್ತದೆ.

ಹಲಗೆಗಳ ಎರಡೂ ತುದಿಗೆ ಹಳೆಯ ಡಬ್ಬದಲ್ಲಿ ಉಳಿದಿದ್ದ ಬಣ್ಣ ಬಳಿದರು. ಮರದೊಳಗಿನ ನಾಳಗಳೆಲ್ಲ ಉದ್ದಕ್ಕಿರುವುದರಿಂದ ನೀರು ಬದಿಗಿಂತ ತುದಿಯಿಂದ ಹತ್ತಾರು ಪಟ್ಟು ಬೇಗ ಹೊರಡುತ್ತದೆ. ತುದಿ ಮೊದಲು ಒಣಗಿ ಕುಗ್ಗಿದರೆ, ಇನ್ನೂ ಹಸಿಯಾಗಿರುವ ನಡುಭಾಗ ಕುಗ್ಗಲು ಬಿಡುವುದಿಲ್ಲ. ಆಗ ತುದಿ ಸೀಳುತ್ತದೆ. ಹಿಂದೆ ಇದಕ್ಕೆ ಸೆಗಣಿ ಮಣ್ಣು ಮೆತ್ತುತ್ತಿದ್ದರಂತೆ.

ಹಲಗೆಗಳನ್ನು ಉತ್ತರ ದಕ್ಷಿಣವಾಗಿ ಮಲಗಿಸಿದರು. ನಮ್ಮಲ್ಲಿ ಹಗಲು ಪಡುವಣ ಕಡಲಿನಿಂದ ಗಾಳಿ, ರಾತ್ರಿ ಮೂಡಣ ಘಟ್ಟದ ಕಡೆಯಿಂದ ಗಾಳಿ. ಎರಡೂ ರೀಪುಗಳ ನಡುವಿನ ಸಂದಿನಲ್ಲಿ ಹಾದುಹೋಗಲಿ ಎಂದು. ಮೇಲೆ ತಗಡು, ತಗಡಿನ ಮೇಲೆ ಕಲ್ಲು. “ಬಿಸಿಲಿಗಿಟ್ಟರೆ ಬೇಗ ಒಣಗುವುದಿಲ್ಲವೇ?” ಎಂದು ಕೇಳಿದ್ದಕ್ಕೆ ಆಚಾರ್ರು ಉತ್ತರ ಕೊಡಲಿಲ್ಲ. ಒಂದು ತುಂಡನ್ನು ಅಂಗಳದ ಬಿಸಿಲಿನಲ್ಲಿ ಬಿಟ್ಟು ಹೋದರು. ನಾಲ್ಕನೇ ದಿನಕ್ಕೆ ಅದರ ಮೈತುಂಬ ಬಿರುಕು.

ಮರ ಒಣಗುವುದೆಂದರೇನು ಎಂಬುದನ್ನು ಓದಿ ತಿಳಿದದ್ದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ, ನಾಳಗಳ ಟೊಳ್ಳಿನಲ್ಲಿ ಮತ್ತು ನಾಳಗಳ ಗೋಡೆಯಲ್ಲಿ. ಮೊದಲು ಹೋಗುವುದು ಟೊಳ್ಳಿನ ನೀರು. ಆಗ ಮರ ಹಗುರಾಗುತ್ತದೆ, ಕುಗ್ಗುವುದಿಲ್ಲ. ಒಣ ಮರದ ತೂಕದ ನೂರಕ್ಕೆ ಇಪ್ಪತ್ತೈದು ಮೂವತ್ತರಷ್ಟು ನೀರು ಉಳಿದಾಗ ಟೊಳ್ಳು ಬರಿದಾಗಿ ಗೋಡೆಯ ನೀರಿನ ಸರದಿ ಬರುತ್ತದೆ. ಕುಗ್ಗುವಿಕೆ ಶುರುವಾಗುವುದೇ ಅಲ್ಲಿಂದ. ಅದೂ ಎಲ್ಲ ಕಡೆಗೆ ಸಮನಾಗಿ ಅಲ್ಲ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಹೆಚ್ಚು, ಅದರಲ್ಲೂ ವರ್ಷದ ಉಂಗುರಗಳ ಗುಂಟ ಕುಗ್ಗುವುದು ತಿರುಳಿನಿಂದ ಹೊರಮುಖವಾಗಿ ಕುಗ್ಗುವುದರ ಸುಮಾರು ಎರಡು ಪಟ್ಟು. ಹಲಗೆ ಬಟ್ಟಲಿನಂತೆ ಬಾಗುವುದು ಈ ಪಕ್ಷಪಾತದಿಂದ.

ಇನ್ನೊಂದು ಸಂಗತಿ ನಮ್ಮನ್ನು ಬೆರಗುಗೊಳಿಸಿತು. ಮರ ಪೂರ್ತಿ ಒಣಗುವುದೇ ಇಲ್ಲ. ಸುತ್ತಲಿನ ಗಾಳಿಯ ತೇವಕ್ಕೆ ಸಮನಾಗುವವರೆಗೆ ಒಣಗಿ ನಿಲ್ಲುತ್ತದೆ, ಗಾಳಿ ಬದಲಾದರೆ ಅದೂ ಬದಲಾಗುತ್ತದೆ. ಕಟ್ಟಡದ ಮರದಲ್ಲಿ ಎಷ್ಟು ತೇವ ಇರಬಹುದೆಂದು ಹೇಳುವ ಐಎಸ್ 287 ಎಂಬ ಭಾರತೀಯ ಮಾನಕವು ದೇಶವನ್ನು ಗಾಳಿಯ ತೇವದ ಪ್ರಕಾರ ನಾಲ್ಕು ವಲಯ ಮಾಡಿದೆ. ನಮ್ಮ ಕರಾವಳಿ ಬರುವುದು ಅತಿ ಹೆಚ್ಚು ತೇವದ ನಾಲ್ಕನೆಯದರಲ್ಲಿ. ರಾಜಸ್ಥಾನದಲ್ಲಿ ಒಣಗಿಸಿದ ಬಾಗಿಲನ್ನು ಕುಂದಾಪುರಕ್ಕೆ ತಂದರೆ ಉಬ್ಬುತ್ತದೆ, ಇಲ್ಲಿಯದನ್ನು ಅಲ್ಲಿಗೊಯ್ದರೆ ಬಿರಿಯುತ್ತದೆ. ಮರದ ಇಂಥ ಸ್ವಭಾವಗಳನ್ನೇ ಅಭ್ಯಾಸ ಮಾಡುವ ಸಂಸ್ಥೆಯೊಂದು ಬೆಂಗಳೂರಿನ ಮಲ್ಲೇಶ್ವರದಲ್ಲಿದೆ, 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದದ್ದು. ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಹೆಬ್ಬೆರಳಿನ ಲೆಕ್ಕ ಚಳಿದೇಶಗಳಿಂದ ಬಂದದ್ದು. ನಮ್ಮ ಬೇಸಿಗೆಯಲ್ಲಿ ಅಷ್ಟು ಬೇಡ. ಆದರೆ ನಮ್ಮ ಮಳೆಗಾಲದ ನಾಲ್ಕು ತಿಂಗಳು ಲೆಕ್ಕಕ್ಕೇ ಇಲ್ಲ.

ಇದು ಅಬ್ಬಾ ಬರೆದಿಟ್ಟ ಪುಸ್ತಕದಿಂದ ಗೊತ್ತಾದದ್ದು. ನಮ್ಮದು ದಿನಸಿ ಅಂಗಡಿ. ಅಬ್ಬಾ ಅಟ್ಟಿಯೊಳಗಿಂದ ಎಳೆದು ತೆಗೆಯಬಹುದಾದ ಹಾಗೆ ಎರಡಡಿಯ ಒಂದು ತುಂಡನ್ನು, ಎರಡೂ ತುದಿಗೆ ಬಣ್ಣ ಬಳಿದು ಇಟ್ಟಿದ್ದರು. ತಿಂಗಳಿಗೊಮ್ಮೆ ಅದನ್ನು ಅಂಗಡಿಗೆ ತಂದು ಅಕ್ಕಿ ತೂಗುವ ತಕ್ಕಡಿಯಲ್ಲಿ ತೂಗುವುದು, ಉದ್ರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆಯುವುದು. ಫೆಬ್ರವರಿ, 4 ಕಿಲೋ 650 ಗ್ರಾಂ. ಮಾರ್ಚ್, 3 ಕಿಲೋ 800. ಏಪ್ರಿಲ್, 3 ಕಿಲೋ 350. ಮೇ ಕೊನೆ, ರಮಝಾನಿನ ನಡುವೆ, 3 ಕಿಲೋ 60. ಸಾಮಾನು ಕೊಳ್ಳಲು ಬಂದವರು ನಿಂತು ನೋಡುತ್ತಿದ್ದರು. “ಕಟ್ಟಿಗೆಗೂ ಕಿಲೋ ಲೆಕ್ಕವಾ ಸಾಯ್ಬ್ರೆ?” ಎಂದವರಿಗೆ ಅಬ್ಬಾ, “ಇದು ಉಪವಾಸ ಹಿಡಿದಿದೆ, ಎಷ್ಟು ಇಳಿಯಿತು ನೋಡುತ್ತಿದ್ದೇನೆ” ಎನ್ನುತ್ತಿದ್ದರು.

ಸಂಜೆ ಆಚಾರ್ರು ಬಂದು ಅಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದರು. ಕೆಲಸವಿರುತ್ತಿರಲಿಲ್ಲ. ಇಬ್ಬರೂ ಮುದುಕರು ಹಳೆಯ ಮನೆಗಳ ಮಾತಾಡುತ್ತಿದ್ದರು. ಮನೆ ಕಟ್ಟಬೇಕೆಂದರೆ ಎರಡು ಮೂರು ವರ್ಷ ಮೊದಲೇ ಮರ ಕಡಿದು ಇಡುತ್ತಿದ್ದುದು, ಅಡುಗೆಮನೆಯ ಅಟ್ಟದಲ್ಲಿ ಹೊಗೆ ಹಿಡಿದು ಕಪ್ಪಾದ ಹಲಗೆಗಳು, ಬೋಗಿಯ ಪಕ್ಕಾಸು, ಹಲಸಿನ ಮುಚ್ಚಿಗೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಎಲ್ಲೆಲ್ಲಿಂದಲೋ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಳೆಮನೆಗಳನ್ನು ನೋಡಿದವರಿಗೆ ಈ ಮಾತು ಅರ್ಥವಾದೀತು. ಬಿಚ್ಚಿ ಮತ್ತೆ ಜೋಡಿಸಬಹುದಾಗಿದ್ದೇ ಆ ಮರ ತನ್ನ ಆಕಾರ ಬಿಡದೆ ಇದ್ದುದರಿಂದ.

ಗಂಗೊಳ್ಳಿಯ ದೋಣಿ ಕೆಲಸ ಕಂಡಿದ್ದ ಆಚಾರ್ರು ಒಂದು ವ್ಯತ್ಯಾಸ ಹೇಳುತ್ತಿದ್ದರು. ದೋಣಿಯ ಹಲಗೆ ನೀರಿಗಿಳಿದ ಮೇಲೆ ಉಬ್ಬಬೇಕು. ಉಬ್ಬಿದರೇ ಸಂದು ಮುಚ್ಚಿ ನೀರು ಒಳಗೆ ಬರುವುದಿಲ್ಲ. ಬಾಗಿಲಿಗೆ ಯಾವುದು ದೋಷವೋ ದೋಣಿಗೆ ಅದೇ ಗುಣ. ನಮಗೆ ಆಗ ಇಬ್ನ್ ಬತೂತಾ ನೆನಪಾಗುತ್ತಿದ್ದ. ಹದಿನಾಲ್ಕನೇ ಶತಮಾನದಲ್ಲಿ ಈ ತೀರದಲ್ಲಿ ಹಾದುಹೋದ ಆತ ‘ಫಾಕನೂರ್’ ಎಂದು ಬರೆದ ಬಂದರು ಬ್ರಹ್ಮಾವರದ ಪಕ್ಕದ ನಮ್ಮ ಬಾರ್ಕೂರೇ. ಈ ಸಾಗರದ ಹಡಗುಗಳ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಾರೆಂದು ಅವನು ಬರೆದಿದ್ದಾನೆ. ಬಂಡೆಗೆ ತಗುಲಿದರೆ ಮೊಳೆಯ ಹಡಗು ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ ಎಂಬುದು ಅವನು ಕೊಟ್ಟ ಕಾರಣ. ಮರ ಅಲುಗುತ್ತದೆ, ಅದಕ್ಕೆ ಜಾಗ ಬಿಟ್ಟು ಕಟ್ಟಬೇಕು ಎಂದು ಆಚಾರ್ರು ಹೇಳುತ್ತಿದ್ದುದೂ ಬಹುತೇಕ ಅದೇ.

ಆ ದಿನಗಳಲ್ಲಿ ಚಹದಂಗಡಿಯಲ್ಲಿ ಯಾರೋ ಆಚಾರ್ರನ್ನು, “ದಿನಾ ಸಾಯ್ಬ್ರ ಮನೆಗೆ ಎಂತಕ್ಕೆ ಹೋಪುದು?” ಎಂದು ಕೇಳಿದರಂತೆ. ಕೇಳಿದ ಧಾಟಿ ಒಳ್ಳೆಯದಾಗಿರಲಿಲ್ಲವಂತೆ. “ಮರ ಕಾಂಬುಕೆ” ಎಂದು ಹೇಳಿ ಬಂದೆ ಎಂದರು. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಡ ಅನಿಸಿದರೆ ಬರಬೇಡಿ ಆಚಾರ್ರೆ” ಎಂದರು. ಆಚಾರ್ರಿಗೆ ಸಿಟ್ಟು ಬಂತು. ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದರು.

2018ರ ಆಗಸ್ಟಿನ ಮಳೆಯನ್ನು ಯಾರೂ ಮರೆತಿರಲಾರರು. ಕೇರಳ, ಕೊಡಗುಗಳು ನೀರಿನಲ್ಲೂ ಮಣ್ಣಿನಲ್ಲೂ ಮುಳುಗಿದ ತಿಂಗಳು. ನಮ್ಮಲ್ಲೂ ಮಳೆ ಬಿಟ್ಟಿರಲಿಲ್ಲ. ತಿಂಗಳ ಮೊದಲ ವಾರ ಅಬ್ಬಾ ತುಂಡನ್ನು ತೂಗಿ ಬರೆದರು: 3 ಕಿಲೋ 120. ಮೇ ತಿಂಗಳಿಗಿಂತ 60 ಗ್ರಾಂ ಹೆಚ್ಚು. ತಪ್ಪಿರಬಹುದೆಂದು ಎರಡು ಸಲ ತೂಗಿದರು. ಗಾಳಿಯ ನೀರನ್ನು ಮರ ಕುಡಿದಿತ್ತು.

ಬಕ್ರೀದಿಗೆ ಹತ್ತು ದಿನ ಇರುವಾಗ ಅಬ್ಬಾ ತೀರಿಕೊಂಡರು. ಅಸರ್ ಮುಗಿಸಿ ಬಂದು ಎದೆ ನೋವೆಂದರು, ಆಸ್ಪತ್ರೆ ತಲಪುವಷ್ಟರಲ್ಲಿ ಮುಗಿದಿತ್ತು. ಮರುದಿನ ಬೆಳಿಗ್ಗೆ ದಫನ. ಕಬರಿನಲ್ಲಿ ಮಯ್ಯಿತ್ತಿನ ಮೇಲೆ ಅಡ್ಡಡ್ಡ ಹಲಗೆ ಇಟ್ಟು, ಅದರ ಮೇಲೆ ಮಣ್ಣು ಹಾಕುವುದು ನಮ್ಮ ಕಡೆಯ ರೂಢಿ. ಅದಕ್ಕೆಂದು ಮಸೀದಿಯಲ್ಲಿ ಹಲಗೆ ಇಟ್ಟಿರುತ್ತಾರೆ. ಆ ಮಳೆಯಲ್ಲಿ ಸಾಲು ಸಾಲಾಗಿ ಮರಣಗಳಾಗಿ ಅಲ್ಲಿ ಹಲಗೆ ಮುಗಿದಿತ್ತು. ರಾತ್ರಿ ಯಾವ ಮಿಲ್ಲು ತೆರೆದಿರುತ್ತದೆ?

ಯಾರು ಮೊದಲು ಹೇಳಿದರೋ ನೆನಪಿಲ್ಲ. ಟಾರ್ಚು ಹಿಡಿದು ಹಿತ್ತಿಲಿಗೆ ಹೋದಾಗ ಆಚಾರ್ರು ಆಗಲೇ ತಗಡಿನ ಮೇಲಿನ ಕಲ್ಲು ಇಳಿಸುತ್ತಿದ್ದರು. ಮೇಲಿನ ಸಾಲಿನಲ್ಲಿ ಬಿಳಿ ಭಾಗ ಹೆಚ್ಚಿದ್ದ, ಬಾಗಿಲಿಗೆ ಬಾರದ ಹಲಗೆಗಳಿದ್ದವು. ಅಳತೆ ಕೇಳಿ, ಕೈಗರಗಸದಲ್ಲಿ ಕೊಯ್ದು, ಒಂದೊಂದಾಗಿ ನಮ್ಮ ಕೈಗೆ ಕೊಟ್ಟರು. “ಇದ್ಕೆ ಒಣಗೂಕಂತ ಇಲ್ಲೆ” ಎಂದರು, ನಮಗಲ್ಲ, ತಮಗೇ. ಆಮೇಲೆ ಉಳಿದ ಹಲಗೆಗಳ ರೀಪು ಸರಿಯಾಗಿದೆಯೇ ಎಂದು ಕೈಯಾಡಿಸಿ ನೋಡಿ, ತಗಡು ಮುಚ್ಚಿ, ಕಲ್ಲುಗಳನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು. ಮರುದಿನ ಕಬರಸ್ತಾನದ ಗೋಡೆಯ ಹೊರಗೆ ಕೊಡೆ ಹಿಡಿದು ಕೊನೆಯವರೆಗೂ ನಿಂತಿದ್ದರು.

ಅಣ್ಣನಿಗೆ ಬರಲಾಗಲಿಲ್ಲ. ರಜೆ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ, ಹದಿನೈದು ದಿನ. ಬಂದವನು ಹಿತ್ತಿಲಲ್ಲಿ ಅಟ್ಟಿಯ ಮುಂದೆ ಬಹಳ ಹೊತ್ತು ನಿಂತ. ಮರುದಿನ ಬೆಳಿಗ್ಗೆ, “ಅಬ್ಬಾರ ಆಸೆ ಇದೊಂದು ಬಾಕಿ, ನಾನಿರುವಾಗಲೇ ಬಾಗಿಲು ಮಾಡಿಸಿಬಿಡೋಣ” ಎಂದ.

ನಾವು ಬೇಡವೆಂದೆವು. ಉದ್ರಿ ಪುಸ್ತಕದ ಕೊನೆಯ ಪುಟ ತೋರಿಸಿದೆವು. ತೂಕ ಏರಿದ್ದು ತೋರಿಸಿದೆವು. ಅವನಿಗೆ ಅಂಕಿಗಳು ಬೇಕಿರಲಿಲ್ಲ. “ನನ್ನ ದುಡ್ಡಿನ ಮನೆಯಲ್ಲಿ ನಾನು ಹೇಳಿದ ಒಂದು ಬಾಗಿಲು ಆಗುವುದಿಲ್ಲವೇ?” ಎಂದುಬಿಟ್ಟ. ಹದಿನೈದು ವರ್ಷಗಳಲ್ಲಿ ಆ ಮಾತು ಒಮ್ಮೆಯೂ ಅವನ ಬಾಯಲ್ಲಿ ಬಂದಿರಲಿಲ್ಲ. ನಾವೂ ಸುಮ್ಮನಿರಲಿಲ್ಲ. “ಹೋದ ಸಲವೂ ನಿನ್ನ ರಜೆಗೇ ಬಾಗಿಲು ಮಾಡಿದ್ದು, ದಾದಿಯನ್ನು ಕೇಳು” ಎಂದೆವು. ತೀರಿಹೋದ ದಾದಿಯನ್ನು ಎಳೆದು ತಂದದ್ದು ತಪ್ಪು. ಆಡಿದ ಮೇಲೆ ಗೊತ್ತಾಯಿತು. ಅಮ್ಮಿ ಎದ್ದು ಒಳಗೆ ಹೋದರು. ಅಣ್ಣ ಉಳಿದ ದಿನಗಳನ್ನು ಹೆಚ್ಚಾಗಿ ಶಿರೂರಿನಲ್ಲಿ ತಂಗಿಯ ಮನೆಯಲ್ಲಿ ಕಳೆದು, ಅಲ್ಲಿಂದಲೇ ವಿಮಾನಕ್ಕೆ ಹೋದ.

ಡಿಸೆಂಬರಿನಲ್ಲಿ ತುಂಡು 2 ಕಿಲೋ 980 ತೂಗಿತು. ಅಬ್ಬಾರ ಅಕ್ಷರದ ಕೆಳಗೆ ನಾವು ಬರೆದೆವು. 2019ರ ಮಾರ್ಚಿನಲ್ಲಿ 2 ಕಿಲೋ 930. ಮುಂದಿನ ಎರಡು ವಾರ ಅಷ್ಟೇ. ಆಚಾರ್ರು ಒಂದು ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ಕೇಳಿಸಿದರು. ವರ್ಷದ ಹಿಂದೆ ಮೆತ್ತಗಿದ್ದ ಸದ್ದು ಈಗ ಗಣಗಣ ಎನ್ನುತ್ತಿತ್ತು.

ಈ ಸಲ ಹಲಗೆಗಳನ್ನು ಒತ್ತಿ ಅಂಟಿಸಿದ ಬಾಗಿಲಲ್ಲ. ಗಟ್ಟಿ ಚೌಕಟ್ಟು ಮಾಡಿ, ಅದರಲ್ಲಿ ಕೊರೆದ ಸಂದಿನೊಳಗೆ ನಡುವಿನ ಹಲಗೆಗಳನ್ನು ಅಂಟು ಹಾಕದೆ ಕೂರಿಸಿದರು. ಮಳೆಗಾಲಕ್ಕೆ ಅವು ಅಗಲಕ್ಕೆ ಬೆಳೆದರೆ ಸಂದಿನೊಳಗೇ ಬೆಳೆದುಕೊಳ್ಳಲಿ. ಲೆಕ್ಕ ಹಾಕಿ ನೋಡಿದೆವು: ಮೂರಡಿ ಅಗಲದ ಬಾಗಿಲು ಪೂರ್ತಿ ಒತ್ತಿಸಿದ ಹಲಗೆಗಳದ್ದಾದರೆ, ಎಷ್ಟೇ ಒಣಗಿದ್ದರೂ ನಮ್ಮ ಬೇಸಿಗೆ ಮಳೆಗಾಲಗಳ ನಡುವೆ ಕಾಲಿಂಚಿಗೂ ಮಿಕ್ಕಿ ಹಿಗ್ಗಿ ಕುಗ್ಗುತ್ತದೆ. ಚೌಕಟ್ಟಿನಲ್ಲಿ ಹಿಗ್ಗುವುದು ಎರಡು ಬದಿಯ ಪಟ್ಟಿಗಳು ಮಾತ್ರ. ಬಾಗಿಲಿಗೂ ದಾರಂದಕ್ಕೂ ನಡುವೆ ಆಚಾರ್ರು ಸುತ್ತಲೂ ಒಂದು ರೂಪಾಯಿ ನಾಣ್ಯ ಓಡಾಡುವಷ್ಟು ಜಾಗ ಬಿಟ್ಟರು. ದಾದಿಯ ಕಾಲದಲ್ಲಿ ಸೀಳಿದ್ದ ಮೂಲೆಗೆ ತೇಪೆ ಹಾಕಿದರು. ರಮಝಾನಿಗೆ ವಾರ ಇರುವಾಗ ಕೆಲಸ ಮುಗಿಯಿತು.

ಮೂರಿಂಚಿನ ದಾರಂದದ ಮರ ಇನ್ನೂ ಒಣಗಬೇಕಿತ್ತು. ಅದನ್ನು ಶಿರೂರಿಗೆ ಕಳಿಸಿದೆವು. ತಂಗಿಯ ಮನೆಯ ಕೆಲಸ ಆಗ ಅಡಿಪಾಯದಲ್ಲಿತ್ತು. ಅಲ್ಲಿ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆದು ಅದು ಗೋಡೆ ಸೇರಿತು. ಉಳಿದ ಕೋಣೆಗಳಿಗೆ ಅವರು ರೆಡಿಮೇಡ್ ಬಾಗಿಲು ಹಾಕಿದರು, ಬಚ್ಚಲಿಗೆ ಪ್ಲಾಸ್ಟಿಕ್. ಅದಕ್ಕೆ ನಮ್ಮ ತಕರಾರಿಲ್ಲ. ಬಚ್ಚಲಿಗೆ ಪ್ಲಾಸ್ಟಿಕ್ಕೇ ಸರಿ. ಮೂರು ಸೆಂಟ್ಸಿನ ಜಾಗದಲ್ಲಿ ಮನೆ ಕಟ್ಟುವವರಿಗೆ ಅಟ್ಟಿ ಕಟ್ಟಲು ಹಿತ್ತಿಲೆಲ್ಲಿ, ಬಾಡಿಗೆ ಕೊಡುತ್ತಾ ವರ್ಷ ಕಾಯಲು ದುಡ್ಡೆಲ್ಲಿ? ಮರ ಒಣಗಿಸಲು ನೆರಳು, ಗಾಳಿಯ ಜೊತೆಗೆ ತಲೆಯ ಮೇಲೊಂದು ಮಾಡು ಮೊದಲೇ ಇರಬೇಕು. ಅದು ನಮಗಿತ್ತು.

2020ರಲ್ಲಿ ಅಣ್ಣನ ಕೆಲಸ ಹೋಯಿತು. ಜೂನ್ ತಿಂಗಳಲ್ಲಿ ವಂದೇ ಭಾರತ್ ವಿಮಾನದಲ್ಲಿ ಮಂಗಳೂರಿಗೆ ಬಂದಿಳಿದ. ಸರಕಾರದ ಕ್ವಾರಂಟೈನ್ ಮುಗಿಸಿ ಮನೆಗೆ ಬಂದ ಮೇಲೂ ಕೆಲವು ದಿನ ಬೇರೆಯೇ ಇರಬೇಕಿತ್ತು. ಬೇರೆ ಎಂದರೆ ನಡುಕೋಣೆ. ಅದೊಂದೇ ಖಾಲಿ ಇದ್ದದ್ದು. ಇಪ್ಪತ್ತನಾಲ್ಕು ವರ್ಷ ದುಡಿದು ಎರಡು ಪೆಟ್ಟಿಗೆ ಹಿಡಿದು ಬಂದವನನ್ನು ಅಪ್ಪಿಕೊಳ್ಳಲೂ ಆಗದೆ, ಊಟದ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಬಾಗಿಲು ಬಡಿದು ದೂರ ನಿಲ್ಲುತ್ತಿದ್ದೆವು. ಅವನು ತೆರೆದು ತೆಗೆದುಕೊಳ್ಳುತ್ತಿದ್ದ. ಹಂಚಿನ ಮೇಲೆ ಅದೇ ಜೂನ್ ಮಳೆ.

ಐದಾರನೇ ದಿನ ಒಳಗಿಂದ ಕೂಗಿದ, “ಬಾಗಿಲು ಸ್ವಲ್ಪ ಬಿಗಿಯಾಗುತ್ತಿದೆ.”

ಎದೆ ಝಲ್ಲೆಂದಿತು. ಆಚಾರ್ರಿಗೆ ಫೋನು ಮಾಡಿದೆವು. ಅವರು ಆಗಲೇ ಕೆಲಸ ಬಿಟ್ಟಿದ್ದರು, ಕಣ್ಣು ಮಂಜಾಗಿತ್ತು. “ತೆಗಿತ್ತಾ ಇಲ್ಯಾ?” ಎಂದು ಕೇಳಿದರು. ತೆರೆಯುತ್ತದೆ ಎಂದೆವು. “ಹಂಗಾರೆ ಕೀಸ್ಬೇಡಿ. ನವರಾತ್ರಿ ಕಳೀಲಿ.” ಅಣ್ಣನಿಗೆ ಬಾಗಿಲಿನ ಹೊರಗಿನಿಂದಲೇ ಇದನ್ನು ಹೇಳಿದೆವು. ಒಳಗಿಂದ ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ, “ಆ ತುಂಡು ಇನ್ನೂ ಇದೆಯಾ?” ಎಂದು ಕೇಳಿದ.

ಅಕ್ಟೋಬರ್ ಕೊನೆಗೆ ಬಾಗಿಲು ತಾನಾಗಿ ಸಡಿಲವಾಯಿತು. ಅಣ್ಣ ಮತ್ತೆ ಹೊರದೇಶಕ್ಕೆ ಹೋಗಲಿಲ್ಲ, ಅಂಗಡಿಯಲ್ಲಿ ಕೂರುತ್ತಾನೆ. ತುಂಡು ತಕ್ಕಡಿಯ ಹಿಂದೆ ಅಕ್ಕಿಚೀಲಕ್ಕೆ ಒರಗಿಕೊಂಡಿದೆ. ಹಳದಿ ಹೋಗಿ ಕಂದು ಬಣ್ಣಕ್ಕೆ ತಿರುಗಿದೆ. ಗಿರಾಕಿಗಳಿಲ್ಲದ ಮಧ್ಯಾಹ್ನ ಅವನು ಅದನ್ನು ತೂಗುವುದುಂಟು. ಮೊನ್ನೆ 2 ಕಿಲೋ 950 ಇತ್ತು. ಬರೆದಿಟ್ಟಿದ್ದಾನೆ.